ಸಮುದ್ರದೊಳಗಿನ ಜ್ವಾಲಾಮುಖಿ ಮೇಲೆ ನೂರಾರು ಹಾವುಮೀನು: ಇದು ನಿಜಾನಾ ಇಲ್ಲಾ ಎಐ ವಿಡಿಯೋನಾ? (ಬಿರಿಯಾನಿ ಬೆಟ್ ಇದೆ, ಬೇಗ ಹೇಳಿ)

ರಾತ್ರಿಪಾಳಿ_ಮಂಜ

ನಮಸ್ಕಾರ ಎಲ್ರಿಗೂ. ನಿನ್ನೆ ಶಿಫ್ಟ್ ಮುಗಿಸಿ ಬೆಳಗಿನ ಜಾವ ನಾಲ್ಕಕ್ಕೆ ರೂಮಿಗೆ ಬಂದು ನಿದ್ದೆ ಹತ್ತದೆ ಫೋನ್ ಉಜ್ಜುತ್ತಾ ಬಿದ್ದಿದ್ದೆ, ಆಗ ಒಂದು ಕ್ಲಿಪ್ ಬಂತು. ಕಗ್ಗತ್ತಲೆ ನೀರು, ಸಬ್‌ಮರೀನ್ ತರದ್ದು ಯಾವುದೋ ಲೈಟ್ ಹಾಕ್ಕೊಂಡು ಕಪ್ಪು ಕಲ್ಲುಗಳ ಮೇಲೆ ಇಳೀತಾ ಇದೆ, ಕಲ್ಲಿಗೆಲ್ಲ ತುಕ್ಕು ಹಿಡಿದಂಗೆ ಏನೋ ಮೆತ್ಕೊಂಡಿದೆ, ಇದು ಹೋಗಿ ಕೂತಿದ್ದೇ ತಡ ಸಂದಿಗೊಂದಿಯಿಂದ ಹಾವುಮೀನುಗಳು ಒಂದರ ಹಿಂದೆ ಒಂದು ಈಚೆ ಬಂದ್ವು ಗುರು, ಹತ್ತಲ್ಲ ಇಪ್ಪತ್ತಲ್ಲ, ನೂರಾರು. ಕೆಳಗೆ ಈಲ್ ಸಿಟಿ, ಸಮೋವಾ, ಜ್ವಾಲಾಮುಖಿ ಅಂತೆಲ್ಲ ಬರೆದಿತ್ತು.

ರೂಮ್‌ಮೇಟ್ ಸಂತುಗೆ ತೋರಿಸಿದ್ರೆ ಹಲ್ಲುಜ್ಜುತ್ತಾನೇ "ಲೋ ಇದು ಎಐ ಕಣೋ, ಜ್ವಾಲಾಮುಖಿ ಮೇಲೆ ಮೀನಿದ್ರೆ ಅದು ಮೀನಲ್ಲ, ಫ್ರೈ" ಅಂದ. ನಂಗೂ ರೇಗೋಯ್ತು, ದೊನ್ನೆ ಬಿರಿಯಾನಿ ಬೆಟ್ ಕಟ್ಬಿಟ್ಟೆ. ಲಿಂಕ್ ಹಾಕೋಣ ಅಂದ್ರೆ ಸ್ಕ್ರಾಲ್ ಆಗಿ ಎಲ್ಲೋ ಹೋಯ್ತು, ಎಷ್ಟು ಹುಡುಕಿದ್ರೂ ಸಿಗ್ತಿಲ್ಲ.

ಗೊತ್ತಿರೋರು ಹೇಳಿ, ಈ ಜಾಗ ನಿಜವಾಗ್ಲೂ ಇದ್ಯಾ? ಇದ್ರೆ ಅಷ್ಟೊಂದು ಮೀನು ಅಲ್ಲೇ ಯಾಕೆ ಬಂದು ಕೂತಿವೆ, ತಿನ್ನೋಕೆ ಏನ್ ಸಿಗುತ್ತೆ, ಬೇಯೋದಿಲ್ವಾ?

ಗಿರ್ಮಿಟ್_ಧಾರವಾಡ

ಖರೇ ಇದ್ದೀತ್ರಿ. ನಾ ಇಂಥದ್ದ ಟಿವಿ ಒಳಗ ನೋಡೇನಿ. ಸಮುದ್ರದ ತಳದಾಗ ಬಿಸಿನೀರಿನ ಬುಗ್ಗಿ ಇರ್ತಾವ, ಅಲ್ಲಿ ತನಕ ಸೂರ್ಯನ ಬೆಳಕು ಮುಟ್ಟಂಗಿಲ್ಲ, ಆದ್ರೂ ಗಂಧಕದಿಂದ ಜೀವನಾ ಮಾಡೋ ಬ್ಯಾಕ್ಟೀರಿಯಾ ಇರ್ತಾವ, ಉಳಿದವೆಲ್ಲಾ ಅವುಗಳ ಮ್ಯಾಲೆ ಬದುಕ್ತಾವ. ಅಲ್ಲೊಂದು ಕೊಳವಿ ಹುಳ ಬರ್ತದ ನೋಡ್ರಿ, ಆಳೆತ್ತರ ಬೆಳಿತದ, ಬಾಯಿ ಇಲ್ಲ ಹೊಟ್ಟಿ ಇಲ್ಲ, ಬ್ಯಾಕ್ಟೀರಿಯಾನ ಮೈಯಾಗ ಸಾಕ್ಕೊಂಡು ಕುಂತಿರ್ತದ. ಈ ಹಾವುಮೀನೂ ಹಂಗ. ನೀವು ತುಕ್ಕು ಅಂದ್ರಲ್ಲ, ಅದು ಬ್ಯಾಕ್ಟೀರಿಯಾದ ಹಾಸಿಗಿ, ಎಮ್ಮಿ ಹುಲ್ಲು ಮೇದಂಗ ಅದನ್ನ ಮೇಯ್ತಾವ. ಬಿರಿಯಾನಿ ನಿಮ್ದಾತು, ನಮಗೂ ಒಂದು ಪಾರ್ಸೆಲ್ ಕಳಸ್ರಿ.

ಉಪ್ಪುನೀರು

ಜಾಗ ನಿಜ ಮಂಜ. ನಿಮ್ಮ ಕ್ಲಿಪ್ ನಾನು ನೋಡಿಲ್ಲ, ಆದ್ರೆ ನೀವು ಹೇಳಿರೋ ಕಲ್ಲು, ತುಕ್ಕು, ಸಂದಿಯಿಂದ ಬರೋ ಮೀನು ಎಲ್ಲಾ ತಾಳೆ ಆಗುತ್ತೆ, ಮತ್ತೆ ಈ ಜಾಗ ಸಿಕ್ಕಿದ್ದು 2005ರಲ್ಲಿ, ಆಗ ಎಐ ವಿಡಿಯೋ ಅನ್ನೋ ಮಾತೇ ಇರ್ಲಿಲ್ಲ. ಆದ್ರೆ ಗಿರ್ಮಿಟ್ ಸರ್ ಊಟದ ವಿಷಯ ಹೇಳಿದ್ದು ಸರಿಯಲ್ಲ, ಬೇಜಾರು ಮಾಡ್ಕೋಬೇಡಿ ಸರ್, ಅಲ್ಲಿಗೆ ಇಳಿದ ವಿಜ್ಞಾನಿಗಳೂ ಮೊದಲು ಹಾಗೇ ಅಂದ್ಕೊಂಡಿದ್ರು.

ಜಾಗದ ಹೆಸರು ವೈಲುಲೂ. ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ ಸಮೋವಾ ಅಂತಿದೆಯಲ್ಲ, ಅಲ್ಲಿನ ತಾಉ ದ್ವೀಪದಿಂದ ಪೂರ್ವಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ ಸಮುದ್ರದ ಒಳಗಡೆ ಇರೋ ಜ್ವಾಲಾಮುಖಿ ಬೆಟ್ಟ. ತಳ ಹತ್ತತ್ರ 5,000 ಮೀಟರ್ ಆಳದಲ್ಲಿ, ತುದಿ ನೀರಿನ ಮಟ್ಟಕ್ಕಿಂತ 600 ಮೀಟರ್ ಕೆಳಗೆ, ಅಂದ್ರೆ ಹಡಗಲ್ಲಿ ಮೇಲೆ ಹಾದು ಹೋದೋರಿಗೆ ಕೆಳಗೆ ಹಿಂಗೊಂದು ಬೆಟ್ಟ ಇದೆ ಅಂತ ಸುಳಿವೇ ಸಿಗಲ್ಲ. 1975ರಲ್ಲಿ ಇದು ಗಮನಕ್ಕೆ ಬಂದಿದ್ದು, 1999ರಲ್ಲಿ ಸ್ಟ್ಯಾನ್ ಹಾರ್ಟ್ ಅವರ ತಂಡ ಸರಿಯಾಗಿ ನಕ್ಷೆ ಮಾಡಿದ್ದು. ಹೆಸರಿಟ್ಟಿದ್ದು ಅಲ್ಲಿನ ಹೈಸ್ಕೂಲ್ ಮಕ್ಕಳು. ಹಿಂದೆ ಅಲ್ಲಿನ ರಾಜ ತುಯಿ ಮನುಆ ಸಭೆ ಕೂಡೋ ಮೊದಲು ಆಶೀರ್ವಾದದ ತರ ಒಂದು ಮಳೆ ಬರ್ತಿತ್ತಂತೆ, ಆ ಮಳೆಗೆ ವೈಲುಲೂ ಅಂತಾರೆ. ನಮ್ಮಲ್ಲಿ ಮದುವೆ ದಿನ ನಾಲ್ಕು ಹನಿ ಬಿದ್ರೆ ಒಳ್ಳೇದು ಅನ್ನಲ್ವಾ, ಹಂಗೆ ಅನ್ಸುತ್ತೆ ನಂಗೆ.

ಬೆಟ್ಟದ ನೆತ್ತೀಲಿ ಎರಡು ಕಿಲೋಮೀಟರ್ ಅಗಲ, 400 ಮೀಟರ್ ಆಳದ ಒಂದು ಕುಳಿ ಇದೆ, ದೊಡ್ಡ ಬಾಣಲೆ ಇಟ್ಟಂಗೆ. 2001ರ ಸರ್ವೆ ಆದಾಗ ಆ ಬಾಣಲೆಯ ತಳ ಖಾಲಿ. 2005ರಲ್ಲಿ ಹವಾಯಿಯವರ ಪೈಸಿಸ್ 5 ಅನ್ನೋ ಮನುಷ್ಯರು ಕೂತು ಹೋಗೋ ಪುಟ್ಟ ಸಬ್‌ಮರ್ಸಿಬಲ್‌ನಲ್ಲಿ ಇಳಿದು ನೋಡ್ತಾರೆ, ತಳದಿಂದ 300 ಮೀಟರ್ ಎತ್ತರದ ಹೊಸಾ ಬೆಟ್ಟ ಎದ್ದು ನಿಂತಿದೆ! ನಾಲ್ಕು ವರ್ಷದ ಒಳಗೆ. ಲೆಕ್ಕ ಹಾಕಿ, ಸರಾಸರಿ ದಿನಕ್ಕೆ 20 ಸೆಂಟಿಮೀಟರ್, ಹೆಚ್ಚುಕಮ್ಮಿ ದಿನಕ್ಕೊಂದು ಗೇಣು. ಆ ಮರಿ ಬೆಟ್ಟಕ್ಕೆ ನಫನುಆ ಅಂತ ಸಮೋವಾದ ಯುದ್ಧದೇವಿ ಹೆಸರಿಟ್ರು. ಅದರ ತುದೀಲಿ, ಸುಮಾರು 700 ಮೀಟರ್ ಆಳದಲ್ಲಿ, ನಿಮ್ಮ ಹಾವುಮೀನುಗಳ ಕಾಲೋನಿ. ಈಲ್ ಸಿಟಿ ಅನ್ನೋದು ಅವರು ಪ್ರೀತಿಯಿಂದ ಇಟ್ಟ ಅಡ್ಡಹೆಸರು.

ಮೀನಿನ ವೈಜ್ಞಾನಿಕ ಹೆಸರು ಡಿಸೊಮಿನಾ ರುಗೋಸಾ, ಸುಮಾರು ಒಂದಡಿ ಉದ್ದ. ಇದರ ಕುಟುಂಬಕ್ಕೆ ಇಂಗ್ಲಿಷಲ್ಲಿ ಕಟ್‌ಥ್ರೋಟ್ ಈಲ್ ಅಂತಾರೆ, ಕಿವಿರಿನ ಸೀಳು ಕತ್ತಿನ ಕೆಳಭಾಗದಲ್ಲಿ ಇರೋದ್ರಿಂದ ಯಾರೋ ಕತ್ತು ಕೊಯ್ದಂಗೆ ಕಾಣುತ್ತೆ, ಅದಕ್ಕೆ ಆ ಹೆಸರು, ಮೀನಿನ ಸ್ವಭಾವಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಜಾತಿಗೆ 1951ರಲ್ಲೇ ಹೆಸರಿಟ್ಟಾಗಿತ್ತು, ಅಟ್ಲಾಂಟಿಕ್ ಕಡೇನೂ ಹವಾಯಿ ಕಡೇನೂ ಸಿಕ್ಕಿರೋ ಮೀನೇ, ಅಂದ್ರೆ ಇದು ಜ್ವಾಲಾಮುಖಿ ಸ್ಪೆಷಲ್ ಏನಲ್ಲ. ಆಶ್ಚರ್ಯ ಏನಂದ್ರೆ ಇಷ್ಟೊಂದು ಒಟ್ಟಿಗೆ ಇದ್ದಿದ್ದು.

ಈಗ ಊಟ. ಅಲ್ಲಿ ಬ್ಯಾಕ್ಟೀರಿಯಾದ ಹಾಸು ಬೇಕಾದಷ್ಟಿದೆ, ಕಬ್ಬಿಣದ ತುಕ್ಕಿನ ಜೊತೆ ಸೇರಿ ಕೆಲವು ಕಡೆ ಒಂದು ಮೀಟರ್ ದಪ್ಪ ಕೂತಿದೆ, ನೀವು ನೋಡಿದ ಕೆಂಪು ಅದೇ. ಹಾಗಾಗಿ ಇದನ್ನೇ ತಿಂತಾವೆ ಅಂತ ಎಲ್ರೂ ಅಂದ್ಕೊಂಡ್ರು. ಆಮೇಲೆ ಹಿಡಿದು ಹೊಟ್ಟೆ ಕೊಯ್ದು ನೋಡಿದ್ರೆ ಒಳಗಿದ್ದಿದ್ದು ಸಿಗಡಿ. ಅದೂ ತಳದಲ್ಲಿ ಹರಿದಾಡೋ ಸಿಗಡಿ ಅಲ್ಲ, ನಡುನೀರಲ್ಲಿ ತೇಲ್ಕೊಂಡು ಹೋಗೋ ಸಣ್ಣ ಸಿಗಡಿ. ಅಂದ್ರೆ ಇವುಗಳಿಗೆ ಜ್ವಾಲಾಮುಖಿ ಬರೀ ಬಾಡಿಗೆ ಮನೆ, ಅಡುಗೆಮನೆ ಅಲ್ಲ, ಊಟ ಹೊರಗಿಂದ ಬರುತ್ತೆ.

ಬೇಯೋ ಪ್ರಶ್ನೆ: ಲಾವಾ ನೀರಿಗೆ ಬಿದ್ದ ತಕ್ಷಣ ಮೇಲ್ಮೈ ಗಟ್ಟಿ ಆಗಿಬಿಡುತ್ತೆ, ತುದೀಲಿರೋದು ಒಡೆದ ಕಲ್ಲಿನ ರಾಶಿ, ಅದರ ಸಂದೀಲಿ ಅಲ್ಲಲ್ಲಿ ಸ್ವಲ್ಪ ಬೆಚ್ಚಗಿನ ನೀರು ಒಸರುತ್ತೆ ಅಷ್ಟೆ. ಸುತ್ತ ಇರೋದು ಆಳಸಮುದ್ರದ ತಣ್ಣೀರು. ಮೀನಿಗೆ ಬೇಕಿದ್ದಿದ್ದು ಆ ಸಂದಿಗಳು.

ಗಿರ್ಮಿಟ್_ಧಾರವಾಡ

ಅಯ್ಯ, ಸಿಗಡಿ ಅಂತ! ತಪ್ಪಾತ್ರಿ ಮೇಡಂ, ಕೊಳವಿ ಹುಳದ ಲೆಕ್ಕ ತಂದು ಮೀನಿಗೆ ಹಚ್ಚಿಬಿಟ್ಟೆ. ಪಾರ್ಸೆಲ್ ಮಾತು ಮಾತ್ರ ವಾಪಸ್ ತಗೊಳ್ಳಂಗಿಲ್ಲ. ಆದ್ರ ಒಂದು ತಿಳೀವಲ್ದು, ಸಿಗಡಿ ನಡುನೀರಾಗ ಇರ್ತಾವ ಅಂತೀರಿ, ಮೀನು ಕಲ್ಲಿನ ಸಂದ್ಯಾಗ. ಎರಡೂ ಕೂಡೋದು ಹ್ಯಾಂಗ?

ಕುಂದಾಪ್ರ_ಮಾಣಿ

ಅದಕ್ಕೆ ವಿಜ್ಞಾನ ಎಂತಕ್ಕೆ ಮಾರಾಯ್ರೆ, ನಮ್ಮ ಅಳಿವೆ ಬಾಗಿಲಿಗೆ ಬನ್ನಿ ತೋರಿಸ್ತೆ. ಹೊಳೆ ಸಮುದ್ರಕ್ಕೆ ಸೇರೋ ಜಾಗದಲ್ಲಿ ನೀರು ಇಳಿಯುವಾಗ ಎಲ್ಲಿ ಇಕ್ಕಟ್ಟು ಉಂಟೋ ಅಲ್ಲಿ ಸೆಳೆತ ಜೋರು, ಅಲ್ಲೇ ಬಲೆ ಕಟ್ಟಿ ಸುಮ್ಮನೆ ಕೂತ್ರೆ ಸಿಗಡಿ ತಾನಾಗಿಯೇ ಬಂದು ಬೀಳ್ತದೆ. ಮೀನೂ ಅಷ್ಟೇ, ನೀರೊಳಗೆ ಕಲ್ಲಿದ್ದ ಕಡೆ ಅದರ ಮರೆಯಲ್ಲಿ ಬಾಯಿ ಮೇಲೆ ಮಾಡಿ ಕಾಯ್ತಾ ಇರ್ತದೆ. ನಮ್ಮ ಅಜ್ಜ ದೋಣಿಯಲ್ಲಿ ಹೋಗುವಾಗ ದಡದ ತೆಂಗಿನಮರ, ಗುಡ್ಡ ಎಲ್ಲ ಗುರ್ತು ಇಟ್ಟುಕೊಂಡು ನೀರೊಳಗಿನ ಕಲ್ಲು ಎಲ್ಲಿ ಉಂಟು ಅಂತ ಹೇಳ್ತಿದ್ದರು, ಗಾಳ ಅಲ್ಲೇ ಹಾಕೋದು. ನೀವು ಹೇಳೋ ಬೆಟ್ಟ ಅಂದ್ರೆ ಸಮುದ್ರದ ಮಧ್ಯದಲ್ಲಿ ಇರೋ ಅಂಥದ್ದೇ ದೊಡ್ಡ ಕಲ್ಲು ಅಲ್ವಾ.

ಮತ್ತೆ ನನ್ನದೊಂದು ಪ್ರಶ್ನೆ. ನಮ್ಮ ಹೊಳೆಯಲ್ಲಿ ಸಿಗೋ ಹಾವುಮೀನು ದೊಡ್ಡದಾದ ಮೇಲೆ ಸಮುದ್ರಕ್ಕೆ ಹೋಗಿ ಮರಿ ಮಾಡ್ತದೆ ಅಂತಾರಲ್ಲ, ಅದೂ ಇದೂ ಒಂದೇಯಾ?

ಉಪ್ಪುನೀರು

ಮಾಣಿ ಹೇಳಿದ್ದಕ್ಕಿಂತ ಚೆನ್ನಾಗಿ ನಂಗೆ ಹೇಳೋಕಾಗಲ್ಲ. ಬೆಟ್ಟದ ತುದಿ ಪ್ರವಾಹಕ್ಕೆ ಅಡ್ಡ ನಿಂತಾಗ ನೀರು ಶಿಖರದ ಸುತ್ತ, ಕುಳಿಯ ಅಂಚಿನ ಸುತ್ತ ಗಿರಕಿ ಹೊಡೆಯುತ್ತೆ, ನಡುನೀರಿನ ಸಿಗಡಿಗಳು ಅದರಲ್ಲಿ ಸಿಕ್ಕಾಕ್ಕೊಂಡು ಅಲ್ಲೇ ಒಟ್ಟಾಗ್ತವೆ ಅನ್ನೋದು ಆ ತಂಡದ ವಿವರಣೆ (ಹ್ಯೂಬರ್ಟ್ ಸ್ಟಾಡಿಗಲ್ ಅಂತ ಭೂವಿಜ್ಞಾನಿ, ಕ್ರೇಗ್ ಯಂಗ್ ಅಂತ ಜೀವಶಾಸ್ತ್ರಜ್ಞ ಎಲ್ಲಾ ಇದ್ರು, 2006ರಲ್ಲಿ ಪೇಪರ್ ಬಂತು). ಮೀನು ಸಂದಿಯಿಂದ ಒಂದು ಮೊಳ ಮೇಲೆದ್ರೆ ಸಾಕು, ಊಟ.

ಹೊಳೆ ಹಾವುಮೀನು ಬೇರೆ ಕುಟುಂಬ, ಅಂಗ್ವಿಲ್ಲಿಡೇ ಅಂತ. ಆದ್ರೆ ದೂರದ ನೆಂಟರು. ಎಲ್ಲಾ ನಿಜವಾದ ಹಾವುಮೀನುಗಳ ಮರಿಯೂ ಒಂದೇ ತರ, ಗಾಜಿನಷ್ಟು ಪಾರದರ್ಶಕ, ಚಪ್ಪಟೆ, ಎಲೆ ಆಕಾರ, ತಲೆ ಮಾತ್ರ ಚಿಟಿಕೆಯಷ್ಟು. ತುಂಬಾ ದಿನ ಹಾಗೇ ತೇಲ್ತಾ ಇರ್ತವೆ, ಆಮೇಲೆ ರೂಪ ಬದಲಾಗಿ ದುಂಡಗಾಗ್ತವೆ. 2001ರಲ್ಲಿ ಇಲ್ಲದೇ ಇದ್ದ ಬೆಟ್ಟದ ಮೇಲೆ 2005ಕ್ಕೆ ನೂರಾರು ಮೀನು ಸಂಸಾರ ಹೂಡಿವೆ ಅಂದ್ರೆ, ನನ್ನ ಊಹೆ, ಇಂಥಾ ತೇಲೋ ಮರಿಗಳ ಪಾತ್ರ ಇರ್ಬೇಕು, ಇಲ್ಲಾ ಅಕ್ಕಪಕ್ಕದ ಇಳಿಜಾರಿನಿಂದ ದೊಡ್ಡವೇ ಬಂದು ಸೇರ್ಕೊಂಡಿರ್ಬೇಕು.

ಸಂದೇಹಿ_ಸಂತು

ನಾನೇ ಆ ರೂಮ್‌ಮೇಟ್. ಮಂಜ ನನ್ನ ಬೆನ್ನ ಹಿಂದೆ ಜನ ಸೇರಿಸ್ತಾ ಇದ್ದಾನೆ ಅಂತ ಗೊತ್ತಾಗಿ ಅಕೌಂಟ್ ಮಾಡ್ಕೊಂಡು ಬಂದೆ. ಸರಿ, ಜಾಗ ಇದೆ ಅಂತ ಒಪ್ಪಿದೆ. ಆದ್ರೆ ಮೇಡಂ, ಒಂದೇ ಕುಳೀಲಿ ಜ್ವಾಲಾಮುಖಿ ಗ್ಯಾಸು, ಆಸಿಡ್ಡು ಎಲ್ಲಾ ಬರ್ತಿದ್ರೆ ಆ ನೀರು ವಿಷ ಆಗ್ಬೇಕಲ್ವಾ, ಮೀನು ಸಾಯ್ಬೇಕಲ್ವಾ? ನಮ್ಮ ಏರಿಯಾ ಕೆರೇಲಿ ಒಂದ್ ಮಳೆಗೆ ಸಾವಿರ ಮೀನು ಸತ್ತು ತೇಲ್ತವೆ, ಅಲ್ಲಿ ಮಾತ್ರ ಹಾಯಾಗಿದಾವಾ? ಬೆಟ್ ಇನ್ನೂ ಮುಗಿದಿಲ್ಲ ಅಂತ ನನ್ನ ವಾದ.

ಉಪ್ಪುನೀರು

ಸಂತು, ನೀವು ಕೇಳಿದ್ದೇ ಈ ಕಥೇಲಿ ನಂಗೆ ತುಂಬಾ ಇಷ್ಟವಾದ ಭಾಗ. ಸಾಯ್ತಾವೆ. ರಾಶಿ ರಾಶಿ ಸಾಯ್ತಾವೆ. ಆದ್ರೆ ತುದೀಲಲ್ಲ, ಕೆಳಗೆ.

ನಫನುಆ ಎದ್ದಿದ್ದು ಬಾಣಲೆಯ ನಡುವೆ ಅಂದ್ನಲ್ಲ, ಹಾಗಾಗಿ ಅದರ ಸುತ್ತ ಕೋಟೆ ಸುತ್ತ ಕಂದಕ ಇದ್ದಂಗೆ ಒಂದು ತಗ್ಗು ಉಳ್ಕೊಂಡಿದೆ. ಸಬ್‌ಮರ್ಸಿಬಲ್ ಅಲ್ಲಿಗೆ ಇಳಿದ್ರೆ ನೀರೆಲ್ಲ ಕದಡಿ ಮಬ್ಬು. ಉತ್ತರದ ಕಡೆ 945 ಮೀಟರ್ ಆಳದಲ್ಲಿ 81 ಡಿಗ್ರಿ ಸೆಲ್ಸಿಯಸ್ ಬಿಸಿಯ ಬುಗ್ಗೆ, ಅದರ ಪಿಎಚ್ 2.7, ಹತ್ತತ್ರ ನಿಂಬೆರಸದ ಹುಳಿ. ಅದರ ಜೊತೆ ಸಣ್ಣ ಸಣ್ಣ ಹನಿಗಳು ಮೇಲೇಳ್ತಾ ಇದ್ವು, ದ್ರವರೂಪದ ಕಾರ್ಬನ್ ಡೈಆಕ್ಸೈಡ್ ಇರ್ಬೇಕು ಅಂತ ಅವರ ಅಭಿಪ್ರಾಯ. ಗ್ಯಾಸ್ ಹೆಂಗೆ ದ್ರವ ಆಗುತ್ತೆ ಅಂದ್ರೆ ಅಡುಗೆ ಸಿಲಿಂಡರ್ ಅಲ್ಲಾಡ್ಸಿ ನೋಡಿ, ಒಳಗೆ ಕುಲುಕುತ್ತಲ್ಲ, ಒತ್ತಡಕ್ಕೆ ಹಾಗಾಗುತ್ತೆ, ಆ ಆಳದಲ್ಲಿ ಒತ್ತಡ ನಾವಿರೋ ಕಡೆಗಿಂತ ತೊಂಬತ್ತು ಪಟ್ಟು ಮೀರಿ ಇರುತ್ತೆ, ಮೇಲಿಂದ ನೀರೂ ತಣ್ಣಗೆ. ತಳದ ತುಂಬಾ ಸತ್ತ ಮೀನು, ಇನ್ನೂ ಏನೇನೋ ಪ್ರಾಣಿ ಬಿದ್ದಿದ್ವು. ಸಾವಿನ ಕಂದಕ ಅಂತಲೇ ಕರೆದ್ರು ಅದನ್ನ. ಅಲ್ಲೂ ಬದುಕಿರೋ ಒಂದು ಹುಳ ಇದೆ, ಆಸಿಡ್ ತಡ್ಕೊಳ್ಳೋ ಜಾತಿ, ಕೊಳೆಯೋ ಮೀನಿನ ಮೇಲೆ ಬೆಳೆಯೋ ಬ್ಯಾಕ್ಟೀರಿಯಾ ತಿಂದ್ಕೊಂಡು ಇರುತ್ತೆ ಅಂತ ಅವರ ಅಂದಾಜು. (ಗಿರ್ಮಿಟ್ ಸರ್, ನಿಮ್ಮ ಬ್ಯಾಕ್ಟೀರಿಯಾ ಇಲ್ಲಿಗೆ ಬಂತು ನೋಡಿ.)

ಕುಳಿಯ ಅಂಚು ಕೆಲವು ಕಡೆ ಒಡೆದು ಬಾಗಿಲು ತೆರೆದಂಗಿದೆ, ಹೊರಗಿನ ನೀರು ಆ ಬಾಗಿಲುಗಳಿಂದ ಒಳಗೆ ಬರುತ್ತೆ, ನೀರಿನ ಜೊತೆ ಮೀನು, ಸಿಗಡಿ ಎಲ್ಲಾ. ಹಾವುಮೀನಿಗೆ ಸಿಗಡಿ ತಂದುಕೊಡೋ ಗಿರಕಿ ಪ್ರವಾಹಾನೇ ಬೇರೆ ಪ್ರಾಣಿಗಳನ್ನ ಈ ಕಂದಕದ ಮೇಲೆ ತಂದು ಬಿಡುತ್ತಿರಬಹುದು ಅಂತ ಅದೇ ಪೇಪರಲ್ಲಿದೆ. ಹಾವುಮೀನು ಕೂತಿರೋದು ಕಂದಕದ ತಳಕ್ಕಿಂತ ಇನ್ನೂರೈವತ್ತು ಮುನ್ನೂರು ಮೀಟರ್ ಮೇಲೆ, ಅದೇ ಅದರ ಅದೃಷ್ಟ. ನಿಮ್ಮ ಕೆರೆ ಹೋಲಿಕೆ ಸರಿನೇ, ಕೆರೆ ಏರಿ ಮೇಲೆ ಕೂತು ಗಾಳ ಹಾಕೋನಿಗೆ ಏನೂ ಆಗಲ್ವಲ್ಲ, ಹಂಗೆ.

ರಾತ್ರಿಪಾಳಿ_ಮಂಜ

ಯಪ್ಪಾ. ಮೇಲೆ ಸಿಟಿ, ಕೆಳಗೆ ಸ್ಮಶಾನ, ನಡುವೆ ಮುನ್ನೂರು ಮೀಟರ್. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೆನಪಾಯ್ತು, ಅದಿರ್ಲಿ. ಅಲ್ಲಾ ಮೇಡಂ, ದಿನಕ್ಕೊಂದು ಗೇಣು ಬೆಳೆದ್ರೆ ಈಗ ಅದು ನೀರಿಂದ ಆಚೆ ಬಂದಿರ್ಬೇಕಲ್ವಾ? 700 ಮೀಟರ್ ತಾನೆ ಇದ್ದಿದ್ದು? ಹೊರಗೆ ಬಂದ್ರೆ ಮೀನುಗಳ ಗತಿ?

ಉಪ್ಪುನೀರು

ಗೇಣು ಅನ್ನೋದು ಸರಾಸರಿ ಮಂಜ, ದಿನಾ ಅಳತೆ ಮಾಡಿ ಬೆಳೆಯೋಕೆ ಅದೇನು ಹೀರೇಬಳ್ಳಿನಾ. ಒಂದಿಷ್ಟು ದಿನ ಉಕ್ಕುತ್ತೆ, ಆಮೇಲೆ ವರ್ಷಗಟ್ಟಲೆ ಸುಮ್ಮನಿರುತ್ತೆ. ಹೀಗೇ ಉಕ್ತಾ ಹೋದ್ರೆ ಕೆಲವು ದಶಕದಲ್ಲಿ ನೀರಿನ ಮಟ್ಟ ಮುಟ್ಟಬಹುದು ಅಂತ 2006ರಲ್ಲಿ ಬರೆದಿದ್ರು, ಆಗಲೇಬೇಕು ಅಂತೇನಿಲ್ಲ. ಸಮೋವಾ ದ್ವೀಪಗಳ ಸಾಲು ಹುಟ್ಟಿದ್ದೇ ಹಿಂಗೆ, ಭೂಮಿಯೊಳಗಿನ ಬಿಸಿ ಜಾಗದ ಮೇಲೆ ಪೆಸಿಫಿಕ್ ಫಲಕ ಸರೀತಾ ಹೋಗುತ್ತೆ, ವೈಲುಲೂ ಆ ಸಾಲಿನ ಪೂರ್ವದ ತುದಿ, ಮನೆಯ ಕಿರಿ ಮಗು ಅಂದ್ಕೊಳ್ಳಿ.

2022ರ ಜುಲೈ ಕೊನೇಲಿ ಅಲ್ಲಿನ ಜನಕ್ಕೆ ಮೇಲಿಂದ ಮೇಲೆ ನೆಲ ನಡುಗಿದ ಅನುಭವ ಆಯ್ತು, ಮೊದಲು ಎಲ್ರಿಗೂ ವೈಲುಲೂ ಮೇಲೇ ಅನುಮಾನ. ಆಮೇಲೆ ಭೂಕಂಪ ಮಾಪಕ ತಂದಿಟ್ಟು ನೋಡಿದ್ರೆ ಕದಲ್ತಾ ಇದ್ದಿದ್ದು ಜನ ವಾಸ ಇರೋ ತಾಉ ದ್ವೀಪದ ಕೆಳಗೆ. ಸ್ಫೋಟ ಏನೂ ಆಗ್ಲಿಲ್ಲ ಪುಣ್ಯ.

ಮೀನುಗಳ ಗತಿ ಕೇಳಿದ್ರಿ. ಆ ಜಾತಿಗೆ ಸಿಟಿ ಹೋದ್ರೂ ಬೇರೆ ಊರಿದೆ. ಆ ತುದೀಲಿರೋ ಗುಂಪಿಗೆ ಮಾತ್ರ ಒಂದು ಸ್ಫೋಟ ಸಾಕು.

ಇದೇ ಕುಟುಂಬದ ಇನ್ನೊಂದು ಸುದ್ದಿ ಹೇಳಿ ಮುಗಿಸ್ತೀನಿ. 2018ರಲ್ಲಿ ಹವಾಯಿ ಮತ್ತೆ ಮೆಕ್ಸಿಕೋ ನಡುವೆ ಕ್ಲಾರಿಯನ್ ಕ್ಲಿಪ್ಪರ್ಟನ್ ಅನ್ನೋ ವಲಯದಲ್ಲಿ 3,000 ಮೀಟರಿಗಿಂತ ಆಳದ ಒಂದು ಸಮುದ್ರಬೆಟ್ಟದ ತುದಿಗೆ ಕ್ಯಾಮೆರಾ ಜೊತೆ ಸುಮಾರು ಒಂದು ಕೆಜಿ ಮೀನು ಕಟ್ಟಿ ಇಳಿಸಿದ್ರು. ಬಂಗುಡೆ ಜಾತಿ ಮೀನೇ. ನೋಡ್ತಾ ನೋಡ್ತಾ ಒಂದೇ ಫ್ರೇಮಲ್ಲಿ 115 ಹಾವುಮೀನು ಮುತ್ಕೊಂಡ್ವು, ಇಲಿಯೋಫಿಸ್ ಆರ್ಕ್ಸ್ ಅನ್ನೋ ಜಾತಿ ಇರ್ಬೇಕು ಅಂತ ಹೇಳಿದ್ರು. ಅಷ್ಟು ಆಳದಲ್ಲಿ ಒಂದೇ ಸಲಕ್ಕೆ ಅಷ್ಟು ಮೀನು ಅದಕ್ಕೂ ಮುಂಚೆ ಯಾರೂ ನೋಡಿರ್ಲಿಲ್ಲ. ಪಕ್ಕದ ಸಮತಟ್ಟು ತಳದಲ್ಲಿ ಅದೇ ಊಟ ಇಟ್ರೆ ಆ ತರ ಗುಂಪೇ ಬರ್ಲಿಲ್ಲ. ಅಲ್ಲೂ ಬೆಟ್ಟದ ತುದಿಯೇ. ಆ ವಲಯದ ತಳದಲ್ಲಿ ಮ್ಯಾಂಗನೀಸ್, ನಿಕ್ಕಲ್ ಇರೋ ಗಡ್ಡೆಗಳು ಬಿದ್ದಿವೆ, ಅದನ್ನ ತೆಗೆಯೋಕೆ ಹಲವು ದೇಶಗಳು ತುದಿಗಾಲಲ್ಲಿ ನಿಂತಿವೆ. ನಮ್ಮ ದೇಶಕ್ಕೂ ಮಧ್ಯ ಹಿಂದೂ ಮಹಾಸಾಗರದಲ್ಲಿ ಅಂಥದ್ದೇ ಗಡ್ಡೆ ಹುಡುಕೋಕೆ 75,000 ಚದರ ಕಿ.ಮೀ. ಜಾಗ ಕೊಟ್ಟಿದ್ದಾರೆ. ಯಂತ್ರ ಇಳಿಸೋಕೆ ಮುಂಚೆ ಅಲ್ಲಿ ಯಾರ್ ಯಾರ್ ಮನೆ ಇದೆ ಅಂತ ಒಂದು ಸಲ ಬಾಗಿಲು ತಟ್ಟಿ ನೋಡಿ ಅನ್ನೋದಷ್ಟೇ ನನ್ನ ಗೊಣಗಾಟ. ವೈಲುಲೂಗೆ ಆ ಭಯ ಕಮ್ಮಿ, 2012ರಿಂದ ಅದು ಅಲ್ಲಿನ ರಾಷ್ಟ್ರೀಯ ಸಾಗರ ಅಭಯಧಾಮದೊಳಗೆ ಬಂದಿದೆ.

ಕುಂದಾಪ್ರ_ಮಾಣಿ

ಒಂದು ಕೆಜಿ ಬಂಗುಡೆಗೆ 115 ಜನ! ನಮ್ಮ ಮನೆಯಲ್ಲಿ ಆಷಾಢ ಕಳೆದು ಮೊದಲ ಬೋಟು ಬಂದ ದಿನ ಇದೇ ಕತೆ ಮಾರಾಯ್ರೆ, ಕ್ಯಾಮೆರಾ ಒಂದು ಇಲ್ಲ ಅಷ್ಟೆ.

ಸಂದೇಹಿ_ಸಂತು

ಸರಿ, ಸೋತೆ ಅನ್ನೋ ಪದ ಬಿಟ್ಟು ಬೇರೆ ಏನು ಬೇಕಾದ್ರೂ ಹೇಳ್ತೀನಿ. ಜಾಗ ನಿಜ, ಅದು ಮಂಜಂಗೆ. ಆದ್ರೆ ಅವನು ಬೆಟ್ ಕಟ್ಟುವಾಗ "ಅವು ಹೊಗೆ ತಿಂದ್ಕೊಂಡು ಬದುಕ್ತವೆ ಕಣೋ" ಅಂತ ಡೈಲಾಗ್ ಹೊಡೆದಿದ್ದ, ಅದನ್ನ ಇಲ್ಲಿ ಬೇಕಂತ್ಲೇ ಬರೆದಿಲ್ಲ. ಅದು ಸುಳ್ಳಾಯ್ತು, ಅದು ನಂಗೆ. ಅರ್ಧರ್ಧ ದುಡ್ಡು ಹಾಕೋಣ.

ರಾತ್ರಿಪಾಳಿ_ಮಂಜ

ಹೊಗೆ ಅಂದಿದ್ದು ನಿಜ, ನಾಲ್ಕು ಗಂಟೆ ರಾತ್ರೀಲಿ ಬಾಯಿಗೆ ಬಂದಿದ್ದು ಅಂದೆ ಗುರು, ಅದನ್ನ ಲೆಕ್ಕಕ್ಕೆ ಹಿಡೀತಾನೆ ನೋಡಿ. ಆಯ್ತು ಅರ್ಧರ್ಧ. ಭಾನುವಾರ ಹೋಗ್ತೀವಿ. ಉಪ್ಪುನೀರು ಮೇಡಂಗೆ ದೊಡ್ಡ ಥ್ಯಾಂಕ್ಸ್.

ಗಿರ್ಮಿಟ್_ಧಾರವಾಡ

ಮತ್ತ ನಂದು ಪಾರ್ಸೆಲ್?

ಕುಂದಾಪ್ರ_ಮಾಣಿ

ಚಿಕನ್ ಬೇಡ, ಇಷ್ಟೆಲ್ಲ ಆದ ಮೇಲೆ ಸಿಗಡಿ ಬಿರಿಯಾನಿಯೇ ಆರ್ಡರ್ ಮಾಡಿ.